ಕಾಲ್ಬೆರಳಿನ ಕಾಪಿ ರೈಟಿಂಗ್

ನನ್ನ ಜಾಗಕ್ಕೆ ಬಂದಿರುವ ಹೊಸ ಟೀಚರ್ ಹೋದ ಭಾನುವಾರ ಮನೆಗೆ ಬಂದಿದ್ದಳು. ಕೈಯಲ್ಲಿ ಒಂದು ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು. ಕುರ್ಚಿಯ ತುದಿಯಲ್ಲಿ ಕುಳಿತು, “ಮಿಸ್, ಒಂದನೇ ಕ್ಲಾಸಿನ ಮಕ್ಕಳಿಗೆ ಹ್ಯಾಂಡ್‌ರೈಟಿಂಗ್ ಹೇಗೆ ಕಲಿಸ್ತಿದ್ರಿ? ಸ್ವಲ್ಪ ಪಾಯಿಂಟ್ಸ್ ಹೇಳಿ, ಬರ್ಕೊಳ್ತೀನಿ” ಎಂದಳು. ಕಾಫಿ ಕೊಟ್ಟೆ, ಚಕ್ಕುಲಿ ಕೊಟ್ಟೆ, ಪಾಯಿಂಟ್ಸ್ ಮಾತ್ರ ಕೊಡಲಾಗಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಬಾಳೂರು ಕಡೆಯ ಗುಡ್ಡದ ಶಾಲೆಗಳಲ್ಲಿ ಅಕ್ಷರ ತಿದ್ದಿಸಿದವಳಿಗೆ ಒಂದು ಪಾಯಿಂಟೂ ಹೊಳೆಯದಿದ್ದರೆ ಹೇಗೆ? ಪಾಪ, ಆ ಹುಡುಗಿ ಖಾಲಿ ನೋಟ್‌ಬುಕ್ ಮಡಚಿಕೊಂಡು ಸಂಜೆಯ ಬಸ್ಸು ಹತ್ತಿದಳು. ಅವಳಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಪಾಯಿಂಟ್ಸ್ ಸಿಕ್ಕಿದರೆ ಅವಳೇ ಹೆಕ್ಕಿಕೊಳ್ಳಲಿ.

ನನ್ನ ಸ್ವಂತ ಹ್ಯಾಂಡ್‌ರೈಟಿಂಗ್ ತಯಾರಾದದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಬರವಣಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ತೆಳ್ಳಗೆ, ಎತ್ತರಕ್ಕೆ, ಅವರೇ ಒಂದು ಕರ್ಸಿವ್ ‘ಎಲ್’ ಅಕ್ಷರದ ಹಾಗೆ ಇದ್ದರು. ಅವರ ಪ್ರಕಾರ ಬರವಣಿಗೆ ಕೈಯಿಂದ ಶುರುವಾಗುವುದೇ ಅಲ್ಲ. “ಬ್ಯಾಕ್ ಸ್ಟ್ರೇಟ್, ಎಲ್ಬೋ ಇನ್, ಫೀಟ್ ಫ್ಲ್ಯಾಟ್ ಆನ್ ದ ಫ್ಲೋರ್” ಎಂದು ಪ್ರತಿ ಪೀರಿಯಡ್ಡಿನ ಮೊದಲಿಗೆ ಪ್ರಾರ್ಥನೆಯಂತೆ ಹೇಳುತ್ತಿದ್ದರು. ಬೆಂಚಿನ ಕೆಳಗೆ ಒಂದು ಕಾಲು ಅಲ್ಲಾಡಿದರೂ ಸಾಕು, ಉದ್ದನೆಯ ಸ್ಕೇಲು ಮೊಣಕಾಲಿನ ಹತ್ತಿರ ಬಂದು ಟಪ್ ಎನ್ನುತ್ತಿತ್ತು. “ಯು ಡೋಂಟ್ ರೈಟ್ ವಿತ್ ಯುವರ್ ಫೀಟ್, ಗ್ರೇಸಿ” ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಮುಂದೆ ನನಗೆ ಮುಖಭಂಗವಾಗಿದ್ದು ಇದೇ ಮಾತಿನಿಂದ.

ಕೆಲಸಕ್ಕೆ ಸೇರಿದ ಮೇಲೆ ಸಿಸ್ಟರರ ಸ್ಕೇಲನ್ನು ಬಿಟ್ಟೆ, ಅವರ ರೂಲ್ಸ್ ಬಿಡಲಿಲ್ಲ. ನನ್ನ ಮಕ್ಕಳು ಬರಿಗಾಲಿನಲ್ಲಿ ಗುಡ್ಡ ಇಳಿದು ಬರುವವರು. ಕೆಲವರಿಗೆ ಬೆಂಚಿನಲ್ಲಿ ಕುಳಿತರೆ ನೆಲ ಎಟುಕುತ್ತಲೇ ಇರಲಿಲ್ಲ. ಆದರೂ “ಕಾಲು ನೆಲದ ಮೇಲೆ” ಎಂದು ಕೂಗುತ್ತಿದ್ದೆ. ಮಕ್ಕಳು ವಿಧೇಯರಾಗಿ ಬೆಂಚಿನಿಂದ ಜಾರಿ ಎದ್ದು ನಿಂತುಬಿಡುತ್ತಿದ್ದರು. ಹಾಗೆ ನಿಂತೇ ಬರೆದು ಒಂದಿಡೀ ವರ್ಷ ಕಳೆದ ಬ್ಯಾಚೊಂದಿದೆ. ಅವರೆಲ್ಲ ಈಗ ದೊಡ್ಡವರಾಗಿದ್ದಾರೆ, ಕುಳಿತು ಬರೆಯುತ್ತಿರಬಹುದು.

ಮೊದಲ ವರ್ಷಗಳ ಇನ್ನೊಂದು ಅವಾಂತರವನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಂದು ವರ್ಷ ನನ್ನ ಕ್ಲಾಸಿನ ಎಲ್ಲ ಸ್ಲೇಟುಗಳಲ್ಲೂ ಪ್ರತಿ ಸಾಲಿನ ಕೊನೆಗೆ ಒಂದು ದಪ್ಪ ಚುಕ್ಕೆ ಕಾಣಿಸತೊಡಗಿತು. ‘ಅ ಅ ಅ ಅ’ ಎಂದು ಬರೆದು ಒಂದು ಚುಕ್ಕೆ. ‘ಆ ಆ ಆ ಆ’ ಎಂದು ಬರೆದು ಇನ್ನೊಂದು. ಫುಲ್‌ಸ್ಟಾಪ್ ನಾನು ಕಲಿಸಿರಲಿಲ್ಲ. ಒಬ್ಬರನ್ನೊಬ್ಬರು ನೋಡಿ ಬರೆಯುತ್ತಾರೆಂದು ದೂರ ದೂರ ಕೂರಿಸಿದೆ. ಚುಕ್ಕೆಗಳೂ ದೂರ ದೂರ ಕುಳಿತವು, ಹೋಗಲಿಲ್ಲ. ಕೊನೆಗೆ ಮುಂದಿನ ಸಾಲಿನ ಒಂದು ಹುಡುಗಿಯನ್ನು ಕರೆದು, “ಇದೆಂತದು?” ಎಂದು ಚುಕ್ಕೆ ತೋರಿಸಿ ಕೇಳಿದೆ.

“ಟಕ್, ಟೀಚರ್.”

“ಟಕ್ ಅಂದ್ರೆ?”

“ನೀವು ಮಾಡ್ತೀರಲ್ಲ, ಅದು.”

ಬೋರ್ಡಿನ ಮೇಲೆ ಒಂದು ಸಾಲು ಬರೆದು ಮುಗಿಸಿದ ಮೇಲೆ ಚಾಕ್‌ಪೀಸಿನಿಂದ ಬೋರ್ಡಿಗೆ ಒಮ್ಮೆ ಕುಟ್ಟುವ ಅಭ್ಯಾಸ ನನಗಿತ್ತು. ಇತ್ತು ಎಂದು ಆವತ್ತೇ ಗೊತ್ತಾದದ್ದು. ನಾನು ಮಾಡುವುದನ್ನೆಲ್ಲ ಮಾಡಬೇಕೆಂದು ಹೇಳಿದ್ದೆ, ಮಕ್ಕಳು ಮಾಡಿದ್ದರು. ಅಭ್ಯಾಸ ಬಿಡಲು ನೋಡಿದೆ, ಆಗಲಿಲ್ಲ. ಕುಟ್ಟದಿದ್ದರೆ ಸಾಲು ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ. ಹಾಗಾಗಿ ಅಂದಿನಿಂದ ರಿಟೈರ್ ಆಗುವವರೆಗೆ ನನ್ನ ಮಕ್ಕಳೆಲ್ಲ ಸಾಲಿನ ಕೊನೆಗೆ ಟಕ್ ಇಟ್ಟೇ ದೊಡ್ಡವರಾದರು. ನಾನು ಕಣ್ಣು ಮುಚ್ಚಿಕೊಂಡೆ.

ಕಲಿಸುವ ಕ್ರಮ ಮಾತ್ರ ನನ್ನ ಕಣ್ಣ ಮುಂದೆಯೇ ಎರಡು ಸಲ ಬದಲಾಯಿತು. ಮೊದಲು ಅಕ್ಷರಮಾಲೆಯ ಕ್ರಮದಲ್ಲಿ ತಿದ್ದಿಸುತ್ತಿದ್ದೆವು, ಒಂದೇ ಅಕ್ಷರವನ್ನು ಸ್ಲೇಟು ಸವೆಯುವವರೆಗೆ. ಆಮೇಲೆ ಮೇಲಿನಿಂದ ಹೊಸ ಕ್ರಮ ಬಂತು. ಬರೆಯಲು ಸುಲಭವಾದ ಅಕ್ಷರಗಳು ಮೊದಲು, ರ ಗ ಸ ದ ಅ. ಅಕ್ಷರಮಾಲೆಯ ಶುರುವಿನಲ್ಲಿ ಗತ್ತಿನಿಂದ ಕುಳಿತಿದ್ದ ‘ಅ’ ಐದನೆಯ ಜಾಗಕ್ಕೆ ಇಳಿದದ್ದು ನನಗೆ ಸ್ವಲ್ಪ ಬೇಜಾರೇ ಆಯಿತು. ನಂತರ ಕಾರ್ಡುಗಳು, ಗುಂಪುಗಳು, ಗೋಡೆಯ ಮೇಲೆ ಮಕ್ಕಳು ಹತ್ತುವ ಏಣಿಯ ಚಿತ್ರ. ಈಗ ಗಾಜಿನ ಮೇಲೆ ಬೆರಳಾಡಿಸಿದರೆ ಅಕ್ಷರ ತಾನೇ ಹಾಡುತ್ತದಂತೆ, ನೋಡಿಲ್ಲ. ಇಷ್ಟೆಲ್ಲ ಟ್ರೈನಿಂಗುಗಳಲ್ಲಿ, ಅಷ್ಟು ಟೀ, ಅಷ್ಟು ಚಾರ್ಟ್‌ಪೇಪರುಗಳ ನಡುವೆ, ಕಾಲಿನ ವಿಷಯ ಯಾರೂ ಎತ್ತಲಿಲ್ಲ. ಅದನ್ನು ಎತ್ತಿದವಳು ಸಹನ.

ಸಹನ ನನ್ನ ಕೊನೆಯ ಶಾಲೆಯಲ್ಲಿ ಒಂದನೇ ತರಗತಿಗೆ ಬಂದವಳು. ಆ ಶಾಲೆ ಒಂದು ಎಸ್ಟೇಟಿಗೆ ತಾಗಿಕೊಂಡೇ ಇತ್ತು. ನಮ್ಮ ಬೇಲಿಯಾಚೆ ಒಂದು ದರೆ, ಅಂದರೆ ಆಳೆತ್ತರದ ಮಣ್ಣಿನ ಗೋಡೆ. ಅದರ ಕೆಳಗೆ ಕಾಫಿ ಒಣಗಿಸುವ ವಿಶಾಲವಾದ ಸಿಮೆಂಟಿನ ಕಣ. ಸಹನಳ ಅಮ್ಮ ಗಿರಿಜ ಆ ಕಣದಲ್ಲೇ ಕೆಲಸ ಮಾಡುತ್ತಿದ್ದಳು. ಮಗಳು ಮಾತಾಡುತ್ತಿರಲಿಲ್ಲ. ಮೂಗಿ ಅಲ್ಲ, ಮನೆಯಲ್ಲಿ ಬೇಕಾದಷ್ಟು ಜೋರಂತೆ. ಕ್ಲಾಸಿನಲ್ಲಿ ಮಾತ್ರ “ಇದು ಯಾವ ಅಕ್ಷರ, ಪುಟ್ಟಾ?” ಎಂದು ಕೇಳಿದರೆ ತಲೆ ತಗ್ಗಿಸಿ ತನ್ನ ಕಾಲು ನೋಡುತ್ತಿದ್ದಳು. ಸ್ಲೇಟುಕಡ್ಡಿ ಕೊಟ್ಟರೆ ಅದನ್ನು ಹಲ್ಲಿ ಹಿಡಿದವರ ಹಾಗೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಸ್ಲೇಟಿನ ಮೇಲೆ ಕೋಳಿ ಕೆದಕಿದಂತೆ ನಾಲ್ಕು ಗೆರೆ ಎಳೆದು, ಕಡ್ಡಿ ಮುರಿದು, ಎರಡು ತುಂಡನ್ನೂ ಮರ್ಯಾದೆಯಿಂದ ನನಗೆ ವಾಪಸು ಕೊಡುತ್ತಿದ್ದಳು.

ಅದಕ್ಕಿಂತ ನನ್ನನ್ನು ಕಾಡಿದ್ದು ಅವಳ ಕಾಲು. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆಂಚಿನ ಕೆಳಗೆ ಅವಳ ಬಲಗಾಲು ಸಿಮೆಂಟಿನ ಮೇಲೆ ಸರಸರ ಉಜ್ಜುವ ಸದ್ದು. ತಿರುಗಿ ನೋಡಿದರೆ ನಿಲ್ಲುತ್ತಿತ್ತು. ನನ್ನೊಳಗಿನ ಸಿಸ್ಟರ್ ಎದ್ದು ಕುಳಿತರು. ಒಂದು ದಿನ ಚಾಕ್‌ಪೀಸಿನಿಂದ ಅವಳ ಎರಡೂ ಪಾದಗಳ ಸುತ್ತ ನೆಲದ ಮೇಲೆ ಗೆರೆ ಎಳೆದೆ. “ನೋಡು ಸಹನ, ಇದು ನಿನ್ನ ಪಾದದ ಮನೆ. ಬರೆಯುವಾಗ ಅವು ಮನೆಯಿಂದ ಹೊರಗೆ ಬರಬಾರದು” ಎಂದೆ. ಅವಳಿಗೆ ಕಚಗುಳಿಯಾಗಿ ನಗು ಬಂತು. ಮಾರನೆಯ ದಿನ ತಾನಾಗಿಯೇ ಕಾಲು ಮುಂದಿಟ್ಟು, ಗೆರೆ ಎಳೆಯಲಿ ಎಂದು ಕಾದು ನಿಂತಳು. ಹೀಗೆ ದಿನವೂ ಬೆಳಿಗ್ಗೆ ಹಾಜರಿ, ಪ್ರಾರ್ಥನೆ, ಸಹನಳ ಪಾದಕ್ಕೆ ಮನೆ ಕಟ್ಟುವುದು. ಎರಡು ನಿಮಿಷದಲ್ಲಿ ಪಾದಗಳು ಮನೆ ಬಿಟ್ಟು ತಿರುಗಾಟಕ್ಕೆ ಹೋಗಿರುತ್ತಿದ್ದವು.

ಆರು ತಿಂಗಳಾದರೂ ಸ್ಲೇಟಿನಲ್ಲಿ ಒಂದು ಅಕ್ಷರ ಮೂಡಲಿಲ್ಲ. ಅವಳ ಪ್ರಗತಿ ಪತ್ರದಲ್ಲಿ ನನ್ನ ಸುಂದರವಾದ ಕೈಬರಹದಲ್ಲಿ, ‘ಅಕ್ಷರಗಳನ್ನು ಗುರುತಿಸುವುದಿಲ್ಲ’ ಎಂದು ಬರೆದೆ. ಬರೆದು ಟಕ್ ಎಂದು ಚುಕ್ಕೆ ಇಟ್ಟೆ.

ಕಾಫಿ ಕೊಯ್ಲು ಮುಗಿಯುತ್ತಾ ಬಂದ ದಿನಗಳಲ್ಲಿ ಗಿರಿಜ ಒಂದು ಮಧ್ಯಾಹ್ನ ಶಾಲೆಯ ಗೇಟಿಗೆ ಬಂದಳು. ಸೊಂಟದ ಮೇಲೆ ಒಂದು ವರ್ಷದ ಸಣ್ಣ ಮಗಳು.

“ಟೀಚರೆ, ಇವಳು ಬರೀದೆ ಇದ್ರೆ ಸುಮ್ನೆ ಕೂರ್ಸಿ ಎಂತ ಮಾಡುದು? ಸಣ್ಣದನ್ನು ನೋಡ್ಕೊಳ್ಲಿಕ್ಕೆ ನಂಗೆ ಯಾರೂ ಇಲ್ಲ. ಇವಳು ಮನೇಲಿರ್ಲಿ.”

“ಹಾಗೆಲ್ಲ ಬಿಡಿಸುವ ಹಾಗಿಲ್ಲ ಗಿರಿಜ. ಕಾನೂನಿದೆ.”

“ಕಾನೂನು ಬಂದು ಮಗು ಎತ್ಕೊಳ್ತದಾ ಟೀಚರೆ?”

ಅವಳೇ ಮುಂದುವರಿಸಿದಳು. “ನಾನೂ ನಾಲ್ಕು ವರ್ಷ ಶಾಲೇಲಿ ಕೂತಿದ್ದೆ. ಬೆಂಚು ಬಿಸಿ ಮಾಡಿ ಬಂದೆ. ನನ್ನ ಹೆಸ್ರು ಬರೀಲಿಕ್ಕೆ ಈಗ್ಲೂ ಬರುದಿಲ್ಲ. ನಿಂಗೆ ಬರ್ತದಾ ಇಲ್ವಾ ಅಂತ ಯಾರೂ ಒಂದು ದಿನ ಕೇಳ್ಲೂ ಇಲ್ಲ. ಇವಳೂ ಹಾಗೆ ಕೂರುದು ಬೇಡ.”

“ಸ್ವಲ್ಪ ಟೈಮ್ ಕೊಡು.”

ಗಿರಿಜ ಸಣ್ಣದನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿ ಯೋಚಿಸಿದಳು. “ಕಣ ಖಾಲಿಯಾಗಿ ಕಾಫಿ ಲಾರಿ ಚಿಕ್ಕಮಗಳೂರಿಗೆ ಹೋಗುವವರೆಗೆ ಕೊಡ್ತೀನಿ. ಅಷ್ಟರೊಳಗೆ ಇವಳ ಹೆಸ್ರನ್ನು ಇವಳೇ ಕಾಗ್ದದ ಮೇಲೆ ಬರೀಲಿ. ಇಲ್ಲಾಂದ್ರೆ ಮಾತಿಲ್ಲ.”

ಹೆಚ್ಚೆಂದರೆ ಆರು ವಾರ. ಆರು ತಿಂಗಳಲ್ಲಿ ಆಗದ್ದು.

ಎರಡು ದಿನ ಬಿಟ್ಟು, ಇನ್ನೊಮ್ಮೆ ಗಿರಿಜಳ ಮನಸ್ಸು ತಿರುಗಿಸಿ ನೋಡೋಣವೆಂದು ಶಾಲೆ ಬಿಟ್ಟ ಮೇಲೆ ದರೆಯ ಅಂಚಿಗೆ ಹೋದೆ. ಮೇಲೆ ನಿಂತು ಕೂಗಿದರೆ ಕಣಕ್ಕೆ ಕೇಳಿಸುತ್ತದೆ. ಕಣದ ತುಂಬ ಪಾರ್ಚ್‌ಮೆಂಟ್ ಹರಡಿದ್ದರು, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬಿಳಿಚು ಕಾಫಿಬೀಜ. ಅದು ಸಮನಾಗಿ ಒಣಗಬೇಕೆಂದರೆ ದಿನಕ್ಕೆ ಹತ್ತಾರು ಸಲ ತಿರುವಬೇಕು. ಕೆಲವರು ಉದ್ದ ಹಿಡಿಯ ಗೋರುಮಣೆಯಿಂದ ಎಳೆಯುತ್ತಾರೆ. ನಮ್ಮ ಕಣದ ಹೆಂಗಸರು ಚಪ್ಪಲಿ ಬಿಟ್ಟು, ಪಾದವನ್ನು ನೇಗಿಲಿನ ಹಾಗೆ ಬೀಜದೊಳಗೆ ಊರಿ ಸರಸರ ನಡೆಯುತ್ತಾ ಕಾಲಿನಲ್ಲೇ ತಿರುವುತ್ತಿದ್ದರು. ಗಿರಿಜ ಆ ತುದಿಯಲ್ಲಿ ಹಾಗೆ ನಡೆಯುತ್ತಿದ್ದಳು. ಸಹನ ಈ ತುದಿಯಲ್ಲಿ.

“ಗಿರಿಜ” ಎಂದು ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ಕೆಳಗೆ ಪಾರ್ಚ್‌ಮೆಂಟಿನ ಮೇಲೆ ರ ಇತ್ತು. ಮಂಚದಷ್ಟು ದೊಡ್ಡ ರ. ಅದರ ಪಕ್ಕ ಗ, ಆಮೇಲೆ ಸ, ದ. ನೋಡುತ್ತಿದ್ದಂತೆ ಸಹನ ಬಲಗಾಲಿನ ಹೆಬ್ಬೆರಳನ್ನು ಬೀಜದಲ್ಲಿ ಊರಿ, ಎಡಗಾಲಿನಲ್ಲಿ ಕುಂಟುತ್ತಾ, ಒಂದು ಸುತ್ತು ಸುತ್ತಿ, ಬಾಗಿ, ಮೇಲೆ ಹೋಗಿ, ಅಚ್ಚುಕಟ್ಟಾದ ಒಂದು ಅ ಬರೆದು ಮುಗಿಸಿದಳು. ಮುಗಿಸಿ ಸಾಲಿನ ಕೊನೆಗೆ ಹೋಗಿ ಹಿಮ್ಮಡಿಯಿಂದ ನೆಲಕ್ಕೆ ಒಮ್ಮೆ ಕುಟ್ಟಿದಳು.

ಟಕ್.

ಆರು ತಿಂಗಳಿಂದ ಬೆಂಚಿನ ಕೆಳಗೆ ಆ ಕಾಲು ಮಾಡುತ್ತಿದ್ದ ಕೆಲಸ ಅದು. ಸಿಮೆಂಟಿನ ಮೇಲೆ ಗುರುತು ಬೀಳುತ್ತಿರಲಿಲ್ಲ, ಅಷ್ಟೆ. ಅಕ್ಷರ ಯಾವುದೆಂದು ಕೇಳಿದಾಗ ಅವಳು ತಲೆ ತಗ್ಗಿಸುತ್ತಿದ್ದುದು ನಾಚಿಕೆಗಲ್ಲ, ಉತ್ತರ ತೋರಿಸಲಿಕ್ಕೆ. ನಾನು ಆ ಉತ್ತರದ ಸುತ್ತ ಚಾಕ್‌ಪೀಸಿನ ಗೆರೆ ಎಳೆದು ಅಲ್ಲಾಡಬೇಡ ಎಂದಿದ್ದೆ.

ಎಸ್ಟೇಟಿನ ಲೆಕ್ಕಪತ್ರ, ಕಣ, ಗೋಡೌನು ಎಲ್ಲ ನೋಡಿಕೊಳ್ಳುವವರು ರೈಟರ್ ಉಮೇಶಣ್ಣ. ಅವರು ಛತ್ರಿ ಹಿಡಿದು ಕಣದ ಬದಿಯಲ್ಲೇ ನಿಂತಿದ್ದರು.

“ಉಮೇಶಣ್ಣ, ಆ ಮಗು ಎಂತ ಬರೀತಿದೆ ನೋಡಿದ್ರಾ?”

“ಬರಿಯುದೆಲ್ಲಿ ಟೀಚರಮ್ಮ, ಕಾಲಾಡಿಸ್ತಾ ಉಂಟು. ದಿನಾ ಹಾಗೇ.”

“ಮೇಲೆ ಬಂದು ನೋಡಿ.”

ಕಣದಲ್ಲಿ ನಿಂತವರಿಗೆ ಅದು ಬರೀ ಸಾಲು, ಬರೀ ಗುಳಿ. ಉಮೇಶಣ್ಣ ಏದುಸಿರು ಬಿಡುತ್ತಾ ದರೆ ಹತ್ತಿ ಬಂದು, ಕೆಳಗೆ ನೋಡಿ, ಛತ್ರಿ ಮಡಚಿದರು. ಆ ಹೊತ್ತಿಗೆ ಗಿರಿಜ ಎಂದಿನಂತೆ ಕಾಲಿನಲ್ಲಿ ತಿರುವುತ್ತಾ ಬಂದು, ಮಗಳು ಬರೆದದ್ದನ್ನೆಲ್ಲ ಅಳಿಸುತ್ತಾ ನಡೆದುಬಿಟ್ಟಳು. ರ ಹೋಯಿತು, ಗ ಹೋಯಿತು. “ಅಯ್ಯೋ, ನಿಲ್ಸು ಮಾರಾಯ್ತಿ” ಎಂದು ಉಮೇಶಣ್ಣ ಮೇಲಿನಿಂದ ಕೂಗಿದರು. ಗಿರಿಜ ಕಾಫಿಯಲ್ಲಿ ಹಾವು ಬಂತೆಂದು ಹಾರಿ ಪಕ್ಕಕ್ಕೆ ಬಿದ್ದಳು.

ಅವಳಿಗೆ ವಿಷಯ ವಿವರಿಸಿದೆ. ನಂಬಲಿಲ್ಲ. “ಇರ್ಬಹುದು ಟೀಚರೆ. ಆದ್ರೆ ಕಾಗ್ದದ ಮೇಲೆ ಕಾಲಲ್ಲಿ ಬರೀತಾಳಾ ನಾಳೆ? ನಾನು ಹೇಳಿದ್ದು ಕಾಗ್ದ.” ಮಾತು ಮಾತೇ.

ಸರಿ, ಕಾಲಿನಲ್ಲಿದ್ದ ಅಕ್ಷರವನ್ನು ಆರು ವಾರದೊಳಗೆ ಕೈಗೆ ಹತ್ತಿಸಬೇಕು. ಅದಕ್ಕೆ ನನಗೆ ಕಣ ಬೇಕಾಗಿತ್ತು. ಉಮೇಶಣ್ಣನ ಹತ್ತಿರ ಕೇಳಿದರೆ, “ಟೀಚರಮ್ಮ, ಇದು ಪಾರ್ಚ್‌ಮೆಂಟು, ಸ್ಲೇಟಲ್ಲ” ಎಂದರು. ಎಸ್ಟೇಟಿನ ಸಾಹುಕಾರ್ರ ಹತ್ತಿರ ಹೋದೆ. ವಯಸ್ಸಾದವರು, ಜೀಪಿನಲ್ಲೇ ಕುಳಿತು ಪೂರ್ತಿ ಕೇಳಿಸಿಕೊಂಡು, “ಬರೀಲಿ ಬಿಡು ಉಮೇಶ. ಹೇಗೂ ತಿರುವುದೇ ಅಲ್ವಾ ಮಾರಾಯ. ಕಾಲು ತೊಳ್ಕೊಂಡು ಬರೀಲಿ” ಎಂದರು.

ಆ ಕೊನೆಯ ಮಾತನ್ನು ಉಮೇಶಣ್ಣ ಗಟ್ಟಿಯಾಗಿ ಹಿಡಿದುಕೊಂಡರು. ದಿನವೂ ಮಧ್ಯಾಹ್ನ ಕಣದ ಮೂಲೆಯಲ್ಲಿ ಒಂದು ಬಕೆಟ್ಟು, ಒಂದು ಚೊಂಬು ಇಟ್ಟುಕೊಂಡು ನಿಲ್ಲುತ್ತಿದ್ದರು. ಸಹನ ಒಬ್ಬಳನ್ನೇ ಕರೆದೊಯ್ದರೆ ಉಳಿದವರು ಸುಮ್ಮನಿರುತ್ತಾರೆಯೇ? ಒಂದನೇ ಕ್ಲಾಸಿನ ಹನ್ನೊಂದು ಮಕ್ಕಳೂ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಪಾದ ಎತ್ತಿ ಅಡಿ ತೋರಿಸಬೇಕು. “ಬೆರಳ ಸಂದಿ” ಎನ್ನುತ್ತಿದ್ದರು ಉಮೇಶಣ್ಣ. ಬೆರಳು ಅಗಲಿಸಬೇಕು. ಕಾನ್ವೆಂಟಿನಲ್ಲಿ ಸೋಮವಾರಗಳ ನೇಲ್ ಇನ್‌ಸ್ಪೆಕ್ಷನ್ ಕೂಡ ಇಷ್ಟು ಸ್ಟ್ರಿಕ್ಟ್ ಇರಲಿಲ್ಲ.

ಮೊದಲ ದಿನ ನಾನೇ ಡೆಮಾನ್‌ಸ್ಟ್ರೇಶನ್ ಕೊಡಲು ಹೋದೆ. ಸೀರೆಯನ್ನು ಒಂಚೂರು ಎತ್ತಿ ಸಿಕ್ಕಿಸಿ, ಹೆಬ್ಬೆರಳು ಊರಿ, ಸ ಬರೆಯತೊಡಗಿದೆ. ಒಣಗಿದ ಪಾರ್ಚ್‌ಮೆಂಟು ಬಹಳ ಜಾರುತ್ತದೆ. ಸ ಅಕ್ಷರದ ಹೊಟ್ಟೆ ತಿರುಗುವಲ್ಲಿ ನಾನು ಪೂರ್ತಿ ತಿರುಗಿ ದೊಪ್ಪೆಂದು ಕುಳಿತೆ. ಮಕ್ಕಳು ಒಂದು ಕ್ಷಣ ಗಂಭೀರವಾಗಿ ನೋಡಿದರು. ಆಮೇಲೆ ಮೊದಲನೆಯವನು ಬರೆದ, ಬರೆದು ದೊಪ್ಪೆಂದು ಕುಳಿತ. ಎರಡನೆಯವಳೂ ಕುಳಿತಳು. ಟೀಚರ್ ಮಾಡಿದ್ದನ್ನೆಲ್ಲ ಮಾಡಬೇಕು ತಾನೇ. ಗಿರಿಜ ಗೋರುಮಣೆಗೆ ಒರಗಿ, ಸೆರಗು ಬಾಯಿಗೆ ಒತ್ತಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಹನ ಬೀಳಲಿಲ್ಲ. ಅವಳು ಕಣದ ರಾಣಿ. ಒಂದು ವಾರ ಅವಳಿಗೆ ಬೇಕಾದಷ್ಟು ಕಾಲಿನಲ್ಲೇ ಬರೆಯಲು ಬಿಟ್ಟೆ. ಎರಡನೇ ವಾರ ಅವಳ ಎರಡೂ ಕೈಗೆ ಗೋರುಮಣೆಯ ಹಿಡಿ ಕೊಟ್ಟು, ಅದನ್ನು ತಲೆಕೆಳಗು ಮಾಡಿ ಅದರ ತುದಿಯಿಂದ ಬರೆಸಿದೆ. ಮೂರನೇ ವಾರ ಉಮೇಶಣ್ಣನ ಛತ್ರಿ. ಒಂದೇ ಕೈ. ಛತ್ರಿ ಅವಳಿಗೆ ಎಷ್ಟು ಇಷ್ಟವಾಯಿತೆಂದರೆ ಹತ್ತು ದಿನ ಬಿಡಲೇ ಇಲ್ಲ, ಉಮೇಶಣ್ಣ ಬಿಸಿಲಿನಲ್ಲಿ ಕರಗುತ್ತಾ ನಿಂತರು. ಬಾಯಿಯೂ ಬಿಟ್ಟಿತು. ಬರೆಯುತ್ತಾ “ಸ... ಹ... ನ...” ಎಂದು ಕೂಗುತ್ತಿದ್ದಳು. ಮುಂದಿನ ಮೆಟ್ಟಿಲು, ಮೊರದಲ್ಲಿ ಹರಡಿದ ಪಾರ್ಚ್‌ಮೆಂಟಿನಲ್ಲಿ ಬೆರಳು. ಅದಾದ ಮೇಲೆ ಸ್ಲೇಟು, ಆಮೇಲೆ ಕಾಗದ. ನನ್ನ ಲೆಸನ್ ಪ್ಲ್ಯಾನ್ ಬಹಳ ಚೆನ್ನಾಗಿತ್ತು.

ಇದರ ನಡುವೆ ಕ್ಲಸ್ಟರಿನಿಂದ ಶಾಲೆ ನೋಡುವ ಸಾಹೇಬರು ಹೇಳದೆ ಕೇಳದೆ ಬೈಕಿನಲ್ಲಿ ಬಂದರು. ಶಾಲೆಯಲ್ಲಿ ಒಂದನೇ ಕ್ಲಾಸು ಖಾಲಿ. ಹುಡುಕುತ್ತಾ ದರೆಯ ಅಂಚಿಗೆ ಬಂದು ನೋಡಿದರೆ, ಕೆಳಗೆ ಹನ್ನೊಂದು ಮಕ್ಕಳು ಎಸ್ಟೇಟಿನ ಕಣದಲ್ಲಿ ಕಾಲಿನಿಂದ ಕಾಫಿ ತಿರುವುತ್ತಿದ್ದಾರೆ, ಟೀಚರ್ ಸೀರೆ ಎತ್ತಿ ಸಿಕ್ಕಿಸಿ ನಿಂತಿದ್ದಾರೆ. ಅವರ ಮುಖ ಕಾಫಿಹಣ್ಣಿನ ಬಣ್ಣಕ್ಕೆ ತಿರುಗಿತು.

“ಮೇಡಂ, ಇದು ಬಾಲಕಾರ್ಮಿಕ ಪದ್ಧತಿ ಅಲ್ವಾ?”

“ಅಲ್ಲ ಸರ್, ಕಾಪಿ ರೈಟಿಂಗ್.”

“ಮಕ್ಕಳ ಕೈಲಿ ಕೆಲಸ ಮಾಡಿಸ್ತಿದ್ದೀರಲ್ಲ.”

“ಅವರು ಕೆಲಸ ಮಾಡ್ತಿಲ್ಲ ಸರ್, ಕೆಲಸ ಕೆಡಿಸ್ತಿದ್ದಾರೆ. ಬೇಕಾದರೆ ರೈಟರನ್ನು ಕೇಳಿ.”

“ಪೂರ್ತಿ ಕೆಡಿಸಿದ್ದಾರೆ ಸಾರ್” ಎಂದರು ಉಮೇಶಣ್ಣ, ಬಹಳ ಮನಃಪೂರ್ವಕವಾಗಿ. “ಒಂದ್ಕಡೆ ಗುಡ್ಡೆ, ಒಂದ್ಕಡೆ ನೆಲ ಕಾಣ್ತದೆ. ಇವ್ರು ಹೋದ್ಮೇಲೆ ಹೆಂಗಸ್ರು ಮೊದ್ಲಿಂದ ತಿರುವ್ಬೇಕು. ನೀವಾದ್ರೂ ಸ್ವಲ್ಪ ಹೇಳಿ.”

ಸಾಹೇಬರು ಮೇಲಿನಿಂದಲೇ ಸ್ವಲ್ಪ ಹೊತ್ತು ಅಕ್ಷರ ಓದಿದರು. ಆಮೇಲೆ ಆ ಮೂರನೇ ಮಗುವಿನ ದ ತಿರುಗುಮುರುಗಾಗಿದೆ ಎಂದು ಬೆರಳು ತೋರಿಸಿ ಹೇಳಿ, ಬೈಕು ಹತ್ತಿ ಹೊರಟರು. ರಿಪೋರ್ಟಿನಲ್ಲಿ ಏನು ಬರೆದರೋ ನಾನು ಕೇಳಲಿಲ್ಲ.

ಫೆಬ್ರವರಿಯ ಕೊನೆಗೆ ಮೋಡ ಕಟ್ಟಿತು. ಕಾಫಿ ಗಿಡ ಹೂಬಿಡಲು ಬೇಕಾದ ಮಳೆ ಅದು, ಎಲ್ಲರಿಗೂ ಖುಷಿ. ಆದರೆ ಕಣದಲ್ಲಿ ಒಣಗಿದ ಕಾಫಿಗೆ ಅದು ತಾಗಬಾರದು. ಒಂದೇ ದಿನದಲ್ಲಿ ಪಾರ್ಚ್‌ಮೆಂಟನ್ನೆಲ್ಲ ಗೋರಿ, ಮೂಟೆ ಕಟ್ಟಿ ಗೋಡೌನಿಗೆ ಹಾಕಿದರು. ಮೊರದಲ್ಲಿದ್ದದ್ದನ್ನೂ ಉಮೇಶಣ್ಣ ಮರೆಯದೆ ಸುರಿದುಕೊಂಡು ಹೋದರು. ಶನಿವಾರ ಬೆಳಿಗ್ಗೆ ಲಾರಿ ಎಂದು ಸುದ್ದಿ ಬಂತು. ನನ್ನ ಪ್ಲ್ಯಾನಿಗಿಂತ ಎರಡು ವಾರ ಮೊದಲು.

ಸಹನ ಇನ್ನೂ ಮೊರದಲ್ಲಿ ಬೆರಳಾಡಿಸುವ ಹಂತದಲ್ಲಿದ್ದಳು. ಗುರುವಾರ ಸ್ಲೇಟು ಕೊಟ್ಟೆ, ಕೋಳಿ ಕೆದಕಿತು. ಶುಕ್ರವಾರ ಪೆನ್ಸಿಲ್ ಕೊಟ್ಟೆ, ಮುರಿದು ಎರಡು ತುಂಡು ವಾಪಸು ಬಂತು. ಬಾಯಿಯೂ ಮತ್ತೆ ಮುಚ್ಚಿತು.

ಶನಿವಾರ ಲಾರಿಗೆ ಮೂಟೆ ಏರಿಸುವ ಸದ್ದು ಕ್ಲಾಸಿನೊಳಗೇ ಕೇಳುತ್ತಿತ್ತು. ಹತ್ತು ಗಂಟೆಗೆ ಗಿರಿಜ ಸಣ್ಣದನ್ನು ಎತ್ತಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಸಹನಳ ಮುಂದೆ ಒಂದು ಬಿಳಿ ಕಾಗದ, ಒಂದು ಮೊಂಡು ಪೆನ್ಸಿಲ್. ಮಗು ಪೆನ್ಸಿಲ್ ಹಿಡಿದು ಕಾಗದವನ್ನೇ ನೋಡುತ್ತಿತ್ತು. ಕೈ ಮುಂದೆ ಹೋಗಲಿಲ್ಲ. ಏನು ಮಾಡುವುದೆಂದು ತೋಚದೆ ನಾನು ತಲೆ ತಗ್ಗಿಸಿ ಕೆಳಗೆ ನೋಡಿದೆ.

ಸಹನಳ ಎರಡು ಪಾದಗಳು ಚಾಕ್‌ಪೀಸಿನ ಮನೆಯೊಳಗೆ ಅಲ್ಲಾಡದೆ ಕುಳಿತಿದ್ದವು. ಆವತ್ತು ಬೆಳಿಗ್ಗೆ ನಾನೇ ಎಳೆದ ಗೆರೆ. ಕ್ಲಾಸಿಗೆ ವಾಪಸು ಬಂದ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ತನ್ನ ಹಳೆಯ ಕೆಲಸ ಮಾಡಿತ್ತು. ಇಷ್ಟೆಲ್ಲ ಕಂಡ ಮೇಲೂ.

ಮಂಡಿಯೂರಿ ಕುಳಿತು ಸೆರಗಿನಿಂದ ಆ ಗೆರೆಗಳನ್ನು ಒರೆಸಿದೆ. ಸಿಸ್ಟರ್ ಮೇಲಿನಿಂದ ನೋಡುತ್ತಿದ್ದರೆ ನೋಡಲಿ ಎಂದುಕೊಂಡೆ.

“ಸಹನ, ಕಾಲು ಅಲ್ಲಾಡಿಸು.”

ಅವಳು ಅನುಮಾನದಿಂದ ನನ್ನನ್ನು ನೋಡಿದಳು. “ಬೈತೀರಾ?”

“ಬೈಯುದಿಲ್ಲ. ಕಾಲಲ್ಲಿ ಬರಿ. ಕೈ ಸುಮ್ನೆ ಜೊತೆಗೆ ಬರ್ಲಿ.”

ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಸಿಮೆಂಟಿನ ಮೇಲೆ ಊರಿತು. ಸರ್ ಎಂದು ಒಂದು ಸದ್ದು. ಮೇಲೆ ಪೆನ್ಸಿಲ್ ಅಲ್ಲಾಡಿತು. ಕೆಳಗೆ ಕಾಲು ಸುತ್ತಿದರೆ ಮೇಲೆ ಕೈ ಸುತ್ತಿತು, ಕಾಲು ಬಾಗಿದರೆ ಕೈ ಬಾಗಿತು. ಕಾಗದದ ಮೇಲೆ ಒಂದು ಸ ಬಂತು. ಇಡೀ ಕಾಗದ ತುಂಬುವಷ್ಟು ದೊಡ್ಡ ಸ, ಬೇರೆ ಯಾವುದಕ್ಕೂ ಜಾಗವಿಲ್ಲ. ಸಹನ ಕೈ ಚಾಚಿದಳು. “ಇನ್ನೊಂದು ಕಾಗ್ದ.” ಕೊಟ್ಟೆ. ಹ ಬಂತು. “ಇನ್ನೊಂದು.” ನ. ಅದರ ಪಕ್ಕ ಹಿಮ್ಮಡಿ ಕೆಳಗೆ, ಪೆನ್ಸಿಲ್ ಮೇಲೆ, ಎರಡೂ ಒಟ್ಟಿಗೆ ಟಕ್ ಎಂದವು. ಪೆನ್ಸಿಲಿನ ಮೊನೆ ಹಾರಿಹೋಯಿತು.

ಗಿರಿಜ ಒಳಗೆ ಬಂದು ಮೂರು ಕಾಗದಗಳನ್ನೂ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಒಂದು ಹೆಸ್ರಿಗೆ ಮೂರು ಕಾಗ್ದ ಬೇಕಾ ಟೀಚರೆ?”

“ಸದ್ಯಕ್ಕೆ ಬೇಕು.”

“ಇದು ಹೆಸ್ರು ಅಂತ ನೀವು ಹೇಳ್ತೀರಿ. ನಂಗೆ ಹೇಗೆ ಗೊತ್ತಾಗ್ಬೇಕು?”

ಅದು ನನಗೆ ಹೊಳೆದಿರಲಿಲ್ಲ. ನನ್ನ ಮಾತು ನಡೆಯುವ ಹಾಗಿರಲಿಲ್ಲ, ಈ ಕೇಸಿನಲ್ಲಿ ನಾನೂ ಒಂದು ಪಾರ್ಟಿ. ಬೇಲಿಯ ಹತ್ತಿರ ಹೋಗಿ ಉಮೇಶಣ್ಣನನ್ನು ಕರೆದೆವು. ಅವರು ಲಾರಿ ನಿಲ್ಲಿಸಿ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಬಂದರು. ಗಿರಿಜ ಯಾರ ಹೆಸರೆಂದು ಹೇಳದೆ ಕಾಗದಗಳನ್ನು ಅವರ ಕೈಗೆ ಕೊಟ್ಟಳು, ಅಷ್ಟರಲ್ಲಿ ಅವು ಹಿಂದುಮುಂದಾಗಿದ್ದವು.

“ನ... ಸ... ಹ...” ಎಂದು ಓದಿದರು ಉಮೇಶಣ್ಣ. “ಇದೆಂತ ಟೀಚರಮ್ಮ, ಲಾರಿ ನಿಲ್ಸಿ ಬಂದಿದ್ದೀನಿ.”

ಸಹನ ಅವರ ಕೈಯಿಂದ ಕಾಗದಗಳನ್ನು ಕಿತ್ತುಕೊಂಡಳು. ನೆಲದ ಮೇಲೆ ಹಾಕಿ, ಕಾಲಿನಿಂದ ಒಂದೊಂದನ್ನೇ ಅದರ ಜಾಗಕ್ಕೆ ಸರಿಸಿ, “ಈಗ ಓದಿ” ಎಂದಳು.

“ಸಹನ” ಎಂದರು ಉಮೇಶಣ್ಣ.

ಗಿರಿಜ ಬಗ್ಗಿ ಮೂರು ಕಾಗದಗಳನ್ನೂ ಅದೇ ಕ್ರಮದಲ್ಲಿ ಎತ್ತಿಕೊಂಡಳು. “ಆಯ್ತು. ಸೋಮವಾರ ಕಳಿಸ್ತೀನಿ” ಎಂದಳು.

“ಸಣ್ಣದನ್ನು ಯಾರು ನೋಡ್ಕೊಳ್ತಾರೆ?”

“ಅದನ್ನೂ ಕಳಿಸ್ತೀನಿ. ನೀವೇ ಅಲ್ವಾ ಇವಳು ಬೇಕು ಅಂದದ್ದು.”

ಸೋಮವಾರ ಎರಡೂ ಬಂದವು. ಆ ವರ್ಷ ಮುಗಿಯುವವರೆಗೆ ನನ್ನ ಟೇಬಲ್ಲಿನ ಕೆಳಗೆ ಒಂದು ಮಗು ಮಲಗಿರುತ್ತಿತ್ತು, ಎಚ್ಚರವಾದಾಗ ಹಾಜರಿ ಪುಸ್ತಕದ ಮೂಲೆ ತಿನ್ನುತ್ತಿತ್ತು. ಸಹನಳ ಅಕ್ಷರ ಜೂನ್ ಹೊತ್ತಿಗೆ ಅರ್ಧ ಕಾಗದಕ್ಕೆ ಇಳಿಯಿತು, ದೀಪಾವಳಿಗೆ ಎರಡು ಗೆರೆಯ ಪುಸ್ತಕದೊಳಗೆ ಬಂತು. ಕಾಲು ಮಾತ್ರ ನಿಲ್ಲಲಿಲ್ಲ. ನಾನೂ ನಿಲ್ಲಿಸಲು ಹೋಗಲಿಲ್ಲ. ನನ್ನ ಕ್ಲಾಸಿನಲ್ಲಿ ಆಮೇಲೆ ಯಾರಿಗೂ ‘ಫೀಟ್ ಫ್ಲ್ಯಾಟ್’ ಎಂದಿಲ್ಲ.

ಮರುವರ್ಷ, ನನ್ನ ಕೊನೆಯ ವರ್ಷ ಅದು, ಜನವರಿಯ ಒಂದು ಮಧ್ಯಾಹ್ನ ಉಮೇಶಣ್ಣ ದರೆಯ ಕೆಳಗಿನಿಂದ ಕೂಗಿದರು. “ಟೀಚರಮ್ಮ, ಒಂಚೂರು ಅಂಚಿಗೆ ಬನ್ನಿ. ಇದು ನಿಮ್ಮ ಮಕ್ಕಳದ್ದಾ?”

ಹೋಗಿ ನೋಡಿದೆ. ಹೊಸ ಪಾರ್ಚ್‌ಮೆಂಟಿನ ನಡುವೆ ಮೂರು ಅಕ್ಷರ. ಮಗುವಿನ ಹೆಬ್ಬೆರಳಿನವಲ್ಲ, ಆಳವಾಗಿ, ಅಗಲವಾಗಿ, ದೊಡ್ಡ ಪಾದದವು. ಸ್ವಲ್ಪ ಓರೆ, ಮೊದಲನೆಯದರ ಗುಡಿಸು ಎರಡು ಸಲ ಎಳೆದದ್ದು. ‘ಗಿರಿಜ’. ಗಿರಿಜ ಕಣದ ಆ ತುದಿಯಲ್ಲಿ ನಮಗೆ ಬೆನ್ನು ಹಾಕಿ ಬಹಳ ಗಮನವಿಟ್ಟು ತಿರುವುತ್ತಿದ್ದಳು.

ಉಮೇಶಣ್ಣ ಆವತ್ತು ಸಂಜೆಯವರೆಗೆ ಆ ಜಾಗದಲ್ಲಿ ಯಾರಿಗೂ ಕಾಲಿಡಲು ಬಿಡಲಿಲ್ಲ. ಅಷ್ಟು ಕಾಫಿ ಸರಿಯಾಗಿ ಒಣಗಲಿಲ್ಲವೆಂದು ನಾನು ರಿಟೈರ್ ಆಗುವವರೆಗೂ ನನ್ನ ಹತ್ತಿರ ದೂರುತ್ತಿದ್ದರು.

ನಾನು ದರೆ ಇಳಿದು ಕಣಕ್ಕೆ ಹೋದೆ. ಹೆಸರಿನ ಕೊನೆಯಲ್ಲಿ ಹಿಮ್ಮಡಿಯಿಂದ ಒತ್ತಿದ ಒಂದು ಗುಳಿ ಇತ್ತು.

“ಅದೆಂತದು ಗಿರಿಜ, ಕೊನೇಲಿ?”

ಗಿರಿಜ ತಿರುಗದೆಯೇ ಹೇಳಿದಳು. “ಟಕ್, ಟೀಚರೆ. ಅದು ಹಾಕದಿದ್ರೆ ಹೆಸ್ರು ಮುಗಿಯುದಿಲ್ಲಂತೆ. ಸಹನ ಹೇಳ್ಕೊಟ್ಲು.”